ಮಗ್ಗ ನಿಲ್ಲುವ ದಿನದ ವಾದ್ಯಗೋಷ್ಠಿ

ಸರ್ಕಾರಿ ನೌಕರರು ನಿವೃತ್ತರಾದರೆ ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರೆ. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನಿಗೆ ಹಲ್ಲು ಬೀಳುತ್ತದೆ, ಅಷ್ಟೆ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳನ್ನು ವಾದ್ಯದ ಬಾಯಿಗೆ ಊರಿಕೊಂಡೇ ಊದಬೇಕಾದ್ದರಿಂದ ಅವು ಇರುವವರೆಗೆ ಮಾತ್ರ ನೌಕರಿ. ನೆಲಮಂಗಲದ ಕಡೆಯ ಒಂದು ಮದುವೆಯಲ್ಲಿ ಹೆಣ್ಣಿನ ಮನೆಯವರು ಕೊಟ್ಟ ಚಕ್ಕುಲಿ ಕಡಿಯಲು ಹೋಗಿ ನಾನು ಒಂದನ್ನು ಕಳೆದುಕೊಂಡೆ. ಇನ್ನೊಂದು ಒಂಟಿಯಾಗಿಯೇ ಕೆಲವು ಕಾಲ ದುಡಿದು ಆಮೇಲೆ ಅದೂ ಕೈಕೊಟ್ಟಿತು. ಹೀಗೆ ನಾನು ನಿವೃತ್ತನಾದೆ.

ಈಗ ದೊಡ್ಡಬಳ್ಳಾಪುರದಲ್ಲಿ ಬ್ಯಾಂಡಿಗೆ ಹೊಸದಾಗಿ ಸೇರುವ ಮಕ್ಕಳು ಸಿಕ್ಕಾಗಲೆಲ್ಲ "ಅಂಕಲ್, ನಿಮ್ ಅನುಭವ ಬರೀರಿ, ನಮಗೂ ಗೊತ್ತಾಗ್ಲಿ" ಎನ್ನುತ್ತಾರೆ. ಸನ್ಮಾನಗಳ ವಿಷಯ ಬರೆಯೋಣವೆಂದರೆ ಅಂಥದ್ದೇನೂ ಆಗಿಲ್ಲ. ಒಮ್ಮೆ ಹೊಸಕೋಟೆಯಲ್ಲಿ ಹಾರ ಹಾಕಿದರು, ಆದರೆ ಅದು ಮದುಮಗನಿಗೆಂದು ತಂದದ್ದು, ತಕ್ಷಣ ವಾಪಸು ತೆಗೆದುಕೊಂಡರು. ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ, ಅಂದರೆ ನನ್ನ ಎಡವಟ್ಟುಗಳನ್ನೇ ಬರೆಯುತ್ತೇನೆ.

ನನಗೆ ವಾದ್ಯ ಹಿಡಿಸಿದವರು ಪಾಪಣ್ಣ ಮಾಸ್ತರು. ಬ್ಯಾಂಡಿನ ಯಜಮಾನರೂ ಅವರೇ. ನಾನು ಕೆನ್ನೆ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಊದುತ್ತಿದ್ದರೆ ಹಿಂದಿನಿಂದ ಬಂದು ತಲೆಯ ಮೇಲೆ ಮೊಟಕುತ್ತಿದ್ದರು. "ಊದೋದು ಆಮ್ಯಾಕೆ ಕಣೋ. ಮೊದ್ಲು ಪಕ್ಕದೋನು ಏನ್ ನುಡಿಸ್ತಾವ್ನೆ ಕೇಳು. ದೇವ್ರು ಕಿವಿ ಕೊಟ್ಟಿರೋದು ಬೀಡಿ ಸಿಕ್ಕಿಸ್ಕೊಳ್ಳೋಕಲ್ಲ" ಎನ್ನುತ್ತಿದ್ದರು. ನಾನು ತಲೆ ಸವರಿಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದೆ.

ಅದರ ಫಲ ದೇವನಹಳ್ಳಿಯಲ್ಲಿ ಸಿಕ್ಕಿತು. ಒಳ್ಳೆಯ ಲಗ್ನ ಇದ್ದ ದಿನ, ಊರ ತುಂಬ ಮದುವೆ. ಒಂದು ವೃತ್ತದಲ್ಲಿ ಎರಡು ಮೆರವಣಿಗೆಗಳು ಎದುರಾದವು. ನಾನು ಎಂದಿನಂತೆ ಕಣ್ಣು ಮುಚ್ಚಿಕೊಂಡು, ಲೋಕವನ್ನೇ ಮರೆತು ಊದುತ್ತ ನಡೆದೆ. ಕಣ್ಣು ಬಿಟ್ಟರೆ ಮುಂದಿರುವ ಕುದುರೆ ಬೇರೆ, ಅದರ ಮೇಲಿರುವ ಗಂಡು ಬೇರೆ, ಸುತ್ತ ಇರುವ ಬ್ಯಾಂಡಿನವರ ಸಮವಸ್ತ್ರವೂ ಬೇರೆ. ಆ ಬ್ಯಾಂಡಿನವರು ನುಡಿಸುತ್ತಿದ್ದ ಹಾಡು ಕೂಡ ಬೇರೆಯೇ ಆಗಿತ್ತು. ಅಷ್ಟು ದೂರ ಅವರ ನಡುವೆ ನಡೆದಿದ್ದೆ, ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮಾಸ್ತರು ಬದುಕಿರುವವರೆಗೂ ನನ್ನನ್ನು ಪರಿಚಯಿಸುವಾಗ ಈ ಕಥೆ ಹೇಳಿಯೇ ಪರಿಚಯಿಸುತ್ತಿದ್ದರು.

ಈ ಬ್ಯಾಂಡಿನಲ್ಲೇ ನನಗೆ ಇಬ್ಬರು ಗೆಳೆಯರು ಸಿಕ್ಕಿದರು. ಒಬ್ಬ ಹಾಡುಗಾರ ರಾಮಾಂಜಿನಿ. ಹಗಲು ತಾಲ್ಲೂಕು ಕಚೇರಿಯ ಎದುರು ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಆ ಅಭ್ಯಾಸದಿಂದ ಪ್ರತಿ ಹಾಡಿಗೂ ಮೊದಲು "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದೇ ಮೈಕಿನ ಮುಂದೆ ಶುರು ಮಾಡುತ್ತಿದ್ದ. ಇನ್ನೊಬ್ಬ ಬಶೀರ್, ಡ್ರಮ್ ನುಡಿಸುವವನು, ನನ್ನ ವಾರಿಗೆಯವನು. ಮದುವೆಯ ಕಾಲ ಮುಗಿದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ತನ್ನದೇ ಮಗ್ಗಗಳನ್ನು ಓಡಿಸಿ ಸೀರೆ ನೇಯುತ್ತಿದ್ದ. ಸೀರೆ ಹೊಟ್ಟೆಗೆ, ಡ್ರಮ್ಮು ಅವನಿಗೆ. ಅವನು ನಕ್ಕು ಮಾತಾಡುತ್ತಿದ್ದುದು ಕೈಯಲ್ಲಿ ಕಡ್ಡಿ ಇದ್ದಾಗ ಮಾತ್ರ.

ನಮ್ಮ ಅಭ್ಯಾಸ ನಡೆಯುತ್ತಿದ್ದುದು ಆ ಶೆಡ್ಡಿನಲ್ಲೇ. ನನ್ನ ಹೆಂಡತಿ ಜಯಮ್ಮ ಮನೆಯಲ್ಲಿ ಕ್ಲಾರಿನೆಟ್ ಎತ್ತಲು ಬಿಡುತ್ತಿರಲಿಲ್ಲ. ವಿದ್ಯುತ್ ಮಗ್ಗಗಳು ಓಡುತ್ತಿದ್ದರೆ ಶೆಡ್ಡಿನ ನೆಲವೇ ನಡುಗುತ್ತದೆ, ಲೋಟದಲ್ಲಿಟ್ಟ ಟೀಯ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತದೆ. ಆ ಸದ್ದಿನಲ್ಲಿ ನಾನೂ ಬಶೀರನೂ ಎದುರುಬದುರು ಬರಿಗಾಲಲ್ಲಿ ಕೂತು ನುಡಿಸುತ್ತಿದ್ದೆವು. ಮಗ್ಗದ ಲಾಳಿ ಅತ್ತಿಂದಿತ್ತ ಬಡಿಯುವ ವೇಗವೇ ನಮ್ಮ ತಾಳ. ಹೀಗಾಗಿ ನಮ್ಮ ತಂಡದಲ್ಲಿ ಜೋಗುಳವೂ ಮೆರವಣಿಗೆಯ ಹಾಡೂ ಒಂದೇ ವೇಗದಲ್ಲಿ ಓಡುತ್ತಿದ್ದವು. ಆದರೂ ನಮಗೆ ನಾವು ಭಾರಿ ಕಲಾವಿದರೆಂಬ ನಂಬಿಕೆಯಿತ್ತು, ಏಕೆಂದರೆ ಅಲ್ಲಿ ಯಾರಿಗೂ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

ನಮ್ಮನ್ನು ಹೊಗಳುವವರೂ ಒಬ್ಬರಿದ್ದರು. ಅದೇ ಶೆಡ್ಡಿನ ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ತಿಮ್ಮಕ್ಕ. ಪ್ರತಿ ಸಂಜೆ ಎದ್ದು ಹೋಗುವಾಗ "ಬೋ ಚಂದಾಗಿತ್ತು ಕಣಪ್ಪಾ" ಎನ್ನುತ್ತಿದ್ದಳು. ಒಂದು ಸಂಜೆ ಹಾಗೆಯೇ ನಿಂತು "ಇವತ್ತು ರಾಮಾಂಜಿನಿ ಹಾಡಿದ್ದು ಎಲ್ಲಕ್ಕಿಂತ ಚಂದ" ಎಂದಳು. ರಾಮಾಂಜಿನಿ ಅವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದ.

ನಮ್ಮ ಏಕೈಕ ಅಭಿಮಾನಿಗೆ ಕಿವಿ ಕೇಳಿಸುವುದಿಲ್ಲವೆಂದು ಹೀಗೆ ಗೊತ್ತಾಯಿತು. ನಾನೂ ಬಶೀರನೂ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವರ್ಷಗಟ್ಟಲೆ ಮಗ್ಗದ ಪಕ್ಕ ಇರುವವರಿಗೆ ಹೀಗಾಗುವುದು ಮಾಮೂಲು, ಕಿವಿಗೆ ಮಿಷನ್ ಹಾಕಿಸಬೇಕು ಎಂದರು ಡಾಕ್ಟರು. ಡಾಕ್ಟರ ಪ್ರತಿ ಮಾತಿಗೂ ಬಶೀರ್ ತಲೆಯಾಡಿಸುತ್ತಿದ್ದ. ಕಿವಿ ಕೇಳಿಸದವರು ಎಲ್ಲ ಮಾತಿಗೂ ತಲೆಯಾಡಿಸುತ್ತಾರೆಂದು ನನಗೆ ಆಗ ತಿಳಿದಿರಲಿಲ್ಲ.

ತಿಮ್ಮಕ್ಕನಂಥವರು ನಮ್ಮ ಬೀದಿಯಲ್ಲಿ ಮನೆಗೊಬ್ಬರಿದ್ದರು. ಅವರಿಗೆ ಮಿಷನ್ ಹಾಕಿಸಲು ವರ್ಷಕ್ಕೊಂದು ಸಹಾಯಾರ್ಥ ವಾದ್ಯಗೋಷ್ಠಿ ಮಾಡೋಣವೆಂದು ಹೊರಟವನು ಬಶೀರ್. ಒಂದೊಂದು ಮಗ್ಗದ ಮನೆಯವರೂ ಒಂದೊಂದು ಸೀರೆ ಕೊಡುವುದು, ಹಾಡುಗಳ ನಡುವೆ ವೇದಿಕೆಯ ಮೇಲೇ ಅವನ್ನು ಹರಾಜು ಹಾಕುವುದು ಎಂದಾಯಿತು. ದಿನ ಯಾವುದು ಎಂಬ ಪ್ರಶ್ನೆಯೇ ಬರಲಿಲ್ಲ. ನಮ್ಮೂರಿನಲ್ಲಿ ಹಗಲಿರುಳು ಓಡುವ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವ ದಿನ ಆಯುಧಪೂಜೆ. ಅವತ್ತು ಮಗ್ಗಕ್ಕೆ ಹೂವು, ಕುಂಕುಮ ಏರಿಸಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚುತ್ತಾರೆ. ಪೂಜೆಯಾದ ಮಗ್ಗವನ್ನು ಯಾರೂ ಮುಟ್ಟುವುದಿಲ್ಲ. ಆ ಸಂಜೆ ಮಾತ್ರ ನಮ್ಮೂರಿನವರು ಪಿಸುಮಾತಿನಲ್ಲಿ ಮಾತಾಡಿದರೂ ಕೇಳಿಸುತ್ತದೆ.

ಜಯಮ್ಮ ತಕರಾರು ತೆಗೆದಳು. "ಏನ್ರೀ, ಊರೋರೆಲ್ಲ ಆಯುಧ ಕೆಳಗಿಡೋ ದಿನ ನೀವು ಎತ್ಕೊಂಡ್ ಊದ್ತೀರಾ?" ಎಂದಳು. ಆಗಿನ್ನೂ ಬದುಕಿದ್ದ ಪಾಪಣ್ಣ ಮಾಸ್ತರು ಅದಕ್ಕೊಂದು ದಾರಿ ಹೇಳಿದರು. "ಬಸ್ಸಿಗ್ ಪೂಜೆ ಮಾಡಿ, ನಿಂಬೆಹಣ್ಣಿನ್ ಮ್ಯಾಲೆ ಒಂದ್ ರೌಂಡ್ ಓಡಿಸಲ್ವೇನಮ್ಮಾ? ಹಂಗೇ ಇದೂ." ಜಯಮ್ಮ ಒಪ್ಪಿದಳು, ಆದರೆ ಪೂಜೆಯನ್ನು ಧಾರಾಳವಾಗಿಯೇ ಮಾಡಿದಳು. ಕ್ಲಾರಿನೆಟ್ಟಿನ ತೂತುಗಳೊಳಗೆಲ್ಲ ಕುಂಕುಮ ಇಳಿದಿತ್ತು. ವೇದಿಕೆಯ ಮೇಲೆ ನಾನು ಮೊದಲ ಸ್ವರ ಊದಿದ ಕೂಡಲೇ ಅದೆಲ್ಲ ರಾಮಾಂಜಿನಿಯ ಹೊಸ ಬಿಳಿ ಅಂಗಿಯ ಮೇಲೆ ಹಾರಿತು. ಅವನು ಇಡೀ ಕಾರ್ಯಕ್ರಮ ಆ ಅವತಾರದಲ್ಲೇ ವಿನಂತಿಸಿಕೊಂಡ.

ಅದು ಬಿಡಿ. ಅವತ್ತು ನಿಜವಾಗಿ ಕೆಟ್ಟದ್ದು ತಾಳ. ನಮ್ಮ ಬೀದಿಯ ಕಲ್ಲುಕಟ್ಟೆಯೇ ವೇದಿಕೆ. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಮಿನವರು ಹಿಂದೆ ಕೂರುತ್ತಾರೆಂದು ನಾನೇ ಬಶೀರನನ್ನು ನನ್ನ ಬೆನ್ನ ಹಿಂದೆ ಕೂರಿಸಿದ್ದೆ. ಊರು ನಿಶ್ಶಬ್ದವಾಗಿತ್ತು. ಅವನು ಒಂದು ಕಡೆ, ನಾನೊಂದು ಕಡೆ, ರಾಮಾಂಜಿನಿ ನಡುವೆ ಸಿಕ್ಕಿಕೊಂಡು ಯಾರ ಹಿಂದೆ ಹೋಗುವುದೆಂದು ತಿಳಿಯದೆ ಹಾಡು ನಿಲ್ಲಿಸಿ ಭಾಷಣ ಶುರು ಮಾಡಿದ. ಮೊದಲ ಸಲ ನಮ್ಮೂರಿನವರಿಗೆ ನಮ್ಮ ಸಂಗೀತ ಸ್ವಚ್ಛವಾಗಿ ಕೇಳಿಸಿತ್ತು. ಸೀರೆಗಳು ಬೇಗ ಬೇಗ ಹರಾಜಾದವು, ಹರಾಜು ನಡೆಯುವಾಗ ನಾವು ನುಡಿಸುವುದಿಲ್ಲವಲ್ಲ. ತಿಮ್ಮಕ್ಕನಿಗೆ ಮಿಷನ್ ಬಂತು.

ಅವಳು ಅದನ್ನು ಹಾಕಿಕೊಂಡು ಮುಂದಿನ ಅಭ್ಯಾಸಕ್ಕೆ ಬಂದಳು. ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನಮ್ಮನ್ನು ಹೊಗಳುವುದನ್ನು ನಿಲ್ಲಿಸಿದಳು.

ಮುಂದಿನ ವರ್ಷವೂ ಅದೇ ಕಥೆ. ಈ ಸಲ ನಾನು ಬುದ್ಧಿವಂತನಾಗಿದ್ದೆ. ಬಶೀರ್ ದಾರಿ ತಪ್ಪಿದಾಗಲೆಲ್ಲ ಹಿಂದಕ್ಕೆ ತಿರುಗಿ ಕ್ಲಾರಿನೆಟ್ ಎತ್ತಿ "ನಿಧಾನ" ಎಂದು ಸನ್ನೆ ಮಾಡುವುದೆಂದು ಮಾತಾಗಿತ್ತು. ಒಂದು ಹಾಡು ಮುಗಿದು ರಾಮಾಂಜಿನಿ ಆಗಲೇ ಹರಾಜು ಶುರು ಮಾಡಿದ್ದ. ಬಶೀರ್ ಇನ್ನೂ ಬಾರಿಸುತ್ತಲೇ ಇದ್ದ. ನಾನು ಕ್ಲಾರಿನೆಟ್ ಎತ್ತಿದೆ. ಅವನು ನೋಡಲಿಲ್ಲ. ಇನ್ನೂ ಮೇಲೆತ್ತಿದೆ. ಪ್ರತಿ ಸಲ ಎತ್ತಿದಾಗಲೂ ರಾಮಾಂಜಿನಿ ಅದನ್ನು ನನ್ನ ಸವಾಲೆಂದು ಲೆಕ್ಕಕ್ಕೆ ತೆಗೆದುಕೊಂಡ. ಕೊನೆಗೆ ಅವತ್ತಿನ ಅತಿ ದುಬಾರಿ ಸೀರೆ ನನ್ನ ತೋಳಿನ ಮೇಲೆ ಬಿತ್ತು. ಜಯಮ್ಮನಿಗೆ ನಮ್ಮ ಎಲ್ಲ ಗೋಷ್ಠಿಗಳಲ್ಲಿ ಇಷ್ಟವಾದದ್ದು ಇದೊಂದೇ. ಬಶೀರ್ ಯಾಕೆ ಬಾರಿಸುತ್ತಲೇ ಇದ್ದ ಎಂದು ನಾನು ಕೇಳಲಿಲ್ಲ. ಸೀರೆಯ ದುಃಖದಲ್ಲಿದ್ದೆ.

ಹೀಗೆ ವರ್ಷಗಳು ಕಳೆದವು. ಮಿಷನ್ ಹಾಕಿಸಿಕೊಂಡವರು ಹೆಚ್ಚಿದಷ್ಟೂ ನಮ್ಮ ತಪ್ಪು ಹಿಡಿಯುವವರು ಹೆಚ್ಚಿದರು. ಶೆಡ್ಡಿನಲ್ಲಿ ತಪ್ಪದ ತಾಳ ಕಟ್ಟೆಯ ಮೇಲೆ ಯಾಕೆ ತಪ್ಪುತ್ತದೆಂದು ಯೋಚಿಸಿ ಯೋಚಿಸಿ ನಾನೊಂದು ಉಪಾಯ ಕಂಡುಹಿಡಿದೆ. ಮಗ್ಗದ ಸದ್ದಿಲ್ಲದೆ ಬಶೀರನಿಗೆ ಕೈ ಓಡುವುದಿಲ್ಲ, ಆದ್ದರಿಂದ ಮಗ್ಗವನ್ನೇ ಅವನ ಕಿವಿಗೆ ಕೊಡಬೇಕು. ಮೊಬೈಲಿನಲ್ಲಿ ಮಗ್ಗದ ಸದ್ದನ್ನು ಮುದ್ರಿಸಿ, ಬ್ಲೂಟೂತ್ ಅವನ ಕಿವಿಗೆ ಸಿಕ್ಕಿಸಿದೆ. ಈಗಿನ ರಿದಮ್ ಪ್ಯಾಡ್ ನುಡಿಸುವ ಮಕ್ಕಳು ಕಿವಿಯಲ್ಲಿ ತಾಳ ಇಟ್ಟುಕೊಂಡೇ ಬಾರಿಸುತ್ತಾರಲ್ಲ, ಆ ವಿಧಾನವನ್ನು ದೊಡ್ಡಬಳ್ಳಾಪುರಕ್ಕೆ ತಂದವನು ನಾನೇ ಎಂದುಕೊಂಡು ಬೀಗಿದೆ.

ಹಾಡು ಶುರುವಾಯಿತು. ಬಶೀರ್ ಒಂದು ಕೈಯಲ್ಲಿ ಬಾರಿಸುತ್ತ ಇನ್ನೊಂದು ಕೈಯಲ್ಲಿ ಮೊಬೈಲನ್ನು ಒತ್ತುತ್ತಿದ್ದ. ಸದ್ದು ಹೆಚ್ಚಿಸಿದ, ಮತ್ತೆ ಒತ್ತಿದ, ಇನ್ನೇನನ್ನೋ ಒತ್ತಿದ. ಮೊಬೈಲು ಅವನ ಕಿವಿಯನ್ನು ಬಿಟ್ಟು ನಮ್ಮ ಸೌಂಡ್ ಬಾಕ್ಸಿಗೆ ಸೇರಿಕೊಂಡಿತು. ಹಬ್ಬದ ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳುವಂತೆ ಮಗ್ಗಗಳು ಲಟಪಟ ಲಟಪಟ ಎಂದು ಓಡತೊಡಗಿದವು.

ಜನ ದಿಗ್ಗನೆ ಎದ್ದರು. "ಯಾವನ್ಲಾ ಅವ್ನು, ಹಬ್ಬದ್ ದಿನ ಮಗ್ಗ ಹಾಕಿರೋನು?" ಎಂದು ಒಬ್ಬ ಯಜಮಾನರು ಪಂಚೆ ಎತ್ತಿಕಟ್ಟಿದರು. ಕೆಲವರು ಪಕ್ಕದ ಬೀದಿಗೆ ನುಗ್ಗಿದರು, ಕೆಲವರು ತಮ್ಮ ಮನೆಯ ಮಗ್ಗವೇ ಓಡುತ್ತಿದೆಯೇನೋ ಎಂದು ಗಾಬರಿಯಾಗಿ ಬೀಗದ ಕೈ ಹುಡುಕಿದರು. ರಾಮಾಂಜಿನಿ ಮೈಕಿನಲ್ಲಿ "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇದು ಮಗ್ಗ ಅಲ್ಲ" ಎನ್ನುತ್ತಿದ್ದ. ಊರಿಗೆ ಊರೇ ಎದ್ದು ಓಡುತ್ತಿರುವಾಗ ಬಶೀರ್ ಮಾತ್ರ ತಲೆ ತಗ್ಗಿಸಿಕೊಂಡು ಮೊಬೈಲು ಒತ್ತುತ್ತಲೇ ಇದ್ದ. ಅವನ ಪಕ್ಕದಲ್ಲೇ ಇದ್ದ ಬಾಕ್ಸು ಗುಡುಗುತ್ತಿತ್ತು, ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಅವನ ಮನೆಗೆ ಹೋದೆ. ಶೆಡ್ಡಿನಲ್ಲಿ ಮಗ್ಗದ ಹೂವು ಬಾಡಿತ್ತು. ಅವನ ಹೆಂಡತಿ ಷಾಹಿದಾ ಟೀ ತಂದಿಟ್ಟು, "ನಿಮ್ಗೆ ಗೊತ್ತಿರ್ಲಿಲ್ವಾ ಅಣ್ಣಾ? ನಾನು ಅಡುಗೆಮನೆಯಿಂದ ಕೂಗೋದು ಬಿಟ್ಟು ಎಷ್ಟೋ ವರ್ಷ ಆಯ್ತು" ಎಂದಳು. ಬಶೀರ್ ನನ್ನ ತುಟಿಯನ್ನೇ ನೋಡುತ್ತಿದ್ದ.

"ಕಿವೀಗ್ ಏನೂ ಕೇಳಲ್ಲ ಕಣೋ ಮುನಿ. ಒಳಗೆ ಒಂದ್ ಥರಾ ಗುಂಯ್ ಅಂತೈತೆ ಅಷ್ಟೆ" ಎಂದ.

"ಮತ್ತೆ ಇಷ್ಟು ದಿನ ಹೆಂಗ್ ಬಾರಿಸ್ತಿದ್ದೆ?"

ಅವನು ಬರಿಗಾಲನ್ನು ನೆಲಕ್ಕೆ ಒತ್ತಿ ತೋರಿಸಿದ. "ಇಲ್ಲಿ ನೆಲ ಹೇಳ್ಕೊಡ್ತದೆ. ಮೆರವಣಿಗೇಲಿ ನಿನ್ ಹೆಜ್ಜೆ ನೋಡ್ತಿದ್ದೆ. ಆಮೇಲೆ ನಿನ್ ಕೆನ್ನೆ. ಕಪ್ಪೆ ಥರ ಉಬ್ಬುತ್ತಲ್ಲ, ಅದು ನೋಡ್ಕೊಂಡ್ ಹೋದ್ರೆ ಆಯ್ತು. ಕಟ್ಟೆ ಮೇಲೆ ನೆಲ ಕಲ್ಲು, ನೀನ್ ನೋಡಿದ್ರೆ ಬೆನ್ನು ತೋರಿಸ್ಕೊಂಡ್ ಕೂರ್ತೀಯ. ನಾನೇನ್ ಮಾಡ್ಲಿ?"

ಸಂಗೀತಗಾರನೆಂದು ಊರ ತುಂಬ ಹೇಳಿಕೊಂಡು ತಿರುಗಿದ ನಾನು, ದಿನಾ ಎದುರಿಗೆ ಕೂತ ಗೆಳೆಯನಿಗೆ ಕೇಳಿಸುವುದಿಲ್ಲವೆಂಬುದನ್ನೇ ಕೇಳಿಸಿಕೊಂಡಿರಲಿಲ್ಲ. ಪಾಪಣ್ಣ ಮಾಸ್ತರು ಇದ್ದಿದ್ದರೆ ಮೊಟಕುತ್ತಿದ್ದರು, ಅವರಿಲ್ಲವೆಂದು ಮೊಟಕಿಕೊಳ್ಳಲು ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು.

ಮಿಷನ್ ಹಾಕಿಸೋಣ ಎಂದರೆ ಅವನು ಒಪ್ಪಲಿಲ್ಲ. "ಮಿಷನ್ ಹಾಕ್ಕೊಂಡಿರೋ ಡ್ರಮ್ಮರ್‌ನ ಯಾವ ಬ್ಯಾಂಡ್ನೋರು ಕರೀತಾರೆ? ನಾನು ಕೊಡಿಸೋನು, ಈಗ ನಾನೇ ಕೈ ಚಾಚ್ಲಾ? ಬೇಡ ಬಿಡು. ಡ್ರಮ್ ಸಾಕು." ಅವತ್ತೇ ಡ್ರಮ್ಮಿಗೆ ಗೋಣಿಚೀಲ ಮುಚ್ಚಿ ಅಟ್ಟಕ್ಕೆ ಹಾಕಿದ. ಆಮೇಲೆ ತಿಂಗಳುಗಟ್ಟಲೆ ಮಗ್ಗದ ಮುಂದೆ ನಿಂತದ್ದೇ ನಿಂತದ್ದು, ಯಾರೊಂದಿಗೂ ಮಾತಿಲ್ಲ. ನನಗೆ ಹೆದರಿಕೆಯಾಯಿತು. ಗೋಷ್ಠಿ ನಿಂತರೆ ನಿಲ್ಲಲಿ, ಡ್ರಮ್ಮಿಲ್ಲದೆ ಬಶೀರನೇ ನಮಗೆ ಉಳಿಯುವುದಿಲ್ಲ ಎನಿಸಿತು.

ನಾನೂ ರಾಮಾಂಜಿನಿಯೂ ಹೇಳಿ ಸೋತ ಮೇಲೆ ತಿಮ್ಮಕ್ಕ ಹೋದಳು. ಅವನು ಮಗ್ಗ ನಿಲ್ಲಿಸುವವರೆಗೂ ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಹೋಗಿ, ಅವನಿಗೆ ತುಟಿ ಕಾಣುವಂತೆ ಮುಖ ಎತ್ತಿ ಹೇಳಿದಳು. "ನನ್ ಕಿವೀಗ್ ಹಾಕಿಸ್ದಾಗ ಎಲ್ಲಾರ್ ಮುಂದೆ ನೀನು ಚಪ್ಪಾಳೆ ತಟ್ದೆ. ನನ್ಗ್ ನಾಚಿಕೆ ಆಗ್ಲಿಲ್ವಾ? ನಾನೇನ್ ಕೈ ಚಾಚ್ದೋಳಾ ಅಂಗಾದ್ರೆ? ಹೇಳು ಬಶೀರ." ಮಾರನೆಯ ದಿನ ಷಾಹಿದಾ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಮುಂದಿನ ಆಯುಧಪೂಜೆಗೆ ನಾವು ಕಲ್ಲುಕಟ್ಟೆ ಬಿಟ್ಟು, ಶಾಮಿಯಾನದವರಿಂದ ಮರದ ಹಲಗೆ ತರಿಸಿ ವೇದಿಕೆ ಕಟ್ಟಿದೆವು. ನಾನೂ ಬಶೀರನೂ ಶೆಡ್ಡಿನಲ್ಲಿ ಕೂರುವಂತೆಯೇ ಎದುರುಬದುರು, ಬರಿಗಾಲಲ್ಲಿ, ಒಂದೇ ಉದ್ದ ಹಲಗೆಯ ಮೇಲೆ ಕಾಲಿಟ್ಟು ಕೂತೆವು. ಮಿಷನ್ ಹೊಸದು, ಅದನ್ನು ನಂಬುವಂತಿಲ್ಲವೆಂದು ನಾನು ಹಿಮ್ಮಡಿಯಿಂದ ಹಲಗೆಯನ್ನು ಕುಟ್ಟುತ್ತ ಊದಿದೆ. ಆಗ ನನಗಿದ್ದದ್ದು ಒಂದೇ ಹಲ್ಲು. ಸ್ವರಕ್ಕಿಂತ ಗಾಳಿಯೇ ಹೆಚ್ಚಾಗಿ ಹೊರಬರುತ್ತಿತ್ತು.

ಮೊದಲ ಹಾಡಿನ ನಡುವೆ ಬಶೀರ್ ನನ್ನನ್ನು ಒಂದು ಥರ ನೋಡಿದ. ಟೋಪಿಯ ಅಂಚಿಗೆ ಕೈ ಹಾಕಿ, ಕಿವಿಯಿಂದ ಮಿಷನ್ ತೆಗೆದು ಜೇಬಿಗಿಟ್ಟುಕೊಂಡ. ಆಮೇಲೆ ಕೊನೆಯವರೆಗೂ ಒಂದೇ ಒಂದು ಪೆಟ್ಟು ತಪ್ಪಲಿಲ್ಲ.

"ಯಾಕಲೇ ತೆಗ್ದೆ?" ಎಂದು ಕೇಳಿದೆ, ವೇದಿಕೆ ಇಳಿದ ಮೇಲೆ.

"ಏನೋ ಸೀಟಿ ಹೊಡೀತಿತ್ತು. ಮಿಷನ್ನೋ ನಿನ್ ಕ್ಲಾರಿನೆಟ್ಟೋ ಗೊತ್ತಾಗ್ಲಿಲ್ಲ" ಎಂದು ನಕ್ಕ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು ಅದು. ನಾನು ಬೈದೆ, ಆದರೆ ನನ್ನ ಕಣ್ಣು ತುಂಬಿತ್ತು. ಮಿಷನ್ನು ಮನೆಯಲ್ಲಿ ಷಾಹಿದಾಳ ಮಾತು ಕೇಳಲು, ಮೊಮ್ಮಕ್ಕಳ ಮಾತು ಕೇಳಲು. ಡ್ರಮ್ಮಿಗೆ ಹಲಗೆಯೇ ಆಗಬೇಕು ಎಂದು ಅವತ್ತೇ ತೀರ್ಮಾನವಾಯಿತು.

ಈಗ ನನ್ನ ಇನ್ನೊಂದು ಹಲ್ಲೂ ಹೋಗಿದೆ. ಕಟ್ಟಿಸಿದ ಹಲ್ಲಿನಲ್ಲಿ ಮುದ್ದೆ ನುಂಗಬಹುದು, ವಾದ್ಯ ಹಿಡಿಯಲಾಗುವುದಿಲ್ಲ. ಕ್ಲಾರಿನೆಟ್ಟನ್ನು ನಮ್ಮ ಬೀದಿಯ ಹುಡುಗಿಯೊಬ್ಬಳು ಊದುತ್ತಾಳೆ, ಕಣ್ಣು ತೆರೆದುಕೊಂಡೇ ಊದುತ್ತಾಳೆ. ಆದರೂ ಕಳೆದ ವರ್ಷದ ಆಯುಧಪೂಜೆಗೆ ನಾನು ವೇದಿಕೆ ಹತ್ತಿದೆ. ಬಶೀರನ ಎದುರು ಕುರ್ಚಿ ಹಾಕಿಕೊಂಡು, ಹಲಗೆಯ ಮೇಲೆ ಹಿಮ್ಮಡಿ ಕುಟ್ಟುತ್ತ ಕೂತೆ. ನನ್ನ ಕೈಯಲ್ಲಿ ಏನೂ ಇಲ್ಲದ್ದನ್ನು ನೋಡಿ ಮುಂದೆ ಕೂತ ಒಬ್ಬರು, "ಮುನಿರಾಜಣ್ಣ ಏನ್ ನುಡಿಸ್ತಾರೆ?" ಎಂದು ಕೇಳಿದರು.

"ಅವ್ನಾ? ಅವ್ನು ಮಗ್ಗ" ಎಂದ ಅವರ ತುಟಿ ನೋಡುತ್ತಿದ್ದ ಬಶೀರ್. "ಇವತ್ತು ಊರಾಗೆ ಓಡ್ತಿರೋದು ಅದೊಂದೇ."

ಅದನ್ನು ಕೇಳಿಸಿಕೊಂಡಿದ್ದ ಜಯಮ್ಮ ಈ ವರ್ಷದ ಹಬ್ಬದಲ್ಲಿ ಒಂದು ಕೆಲಸ ಮಾಡಿದಳು. ಕ್ಲಾರಿನೆಟ್ಟಿಗೆ, ಈಳಿಗೆಮಣೆಗೆ, ಮಿಕ್ಸಿಗೆ ಎಲ್ಲಕ್ಕೂ ಪೂಜೆ ಮುಗಿಸಿ, ಕುಂಕುಮದ ಬಟ್ಟಲು ಹಿಡಿದು ನನ್ನ ಮುಂದೆ ಕೂತಳು. "ಕಾಲು ಮುಂದಕ್ ಚಾಚ್ರಿ" ಎಂದಳು. ನಾನು ತಮಾಷೆಯೆಂದುಕೊಂಡೆ. ಅವಳು ನನ್ನ ಬಲಗಾಲಿನ ಹಿಮ್ಮಡಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಚೆಂಡುಹೂವು ಸಿಕ್ಕಿಸಲು ನೋಡಿ, ಅದು ನಿಲ್ಲದೆ ಪಕ್ಕದಲ್ಲಿಟ್ಟಳು.

ಆ ಸಂಜೆ ನಾನು ಚಪ್ಪಲಿ ಹಾಕಿಕೊಳ್ಳಲಿಲ್ಲ. ಕುಂಕುಮ ಅಳಿಸದಂತೆ, ಹಿಮ್ಮಡಿ ಎತ್ತಿಕೊಂಡು ಕುಂಟುತ್ತ ವೇದಿಕೆಯವರೆಗೂ ನಡೆದೆ.